ತಪ್ಪದೆ ನೋಡಬೇಕಾದ ಕೊನೆಯ ಎರಡು ನಿಮಿಷ

ಸಾರ್ವಜನಿಕ ಟೀವಿ ಕೇಂದ್ರದ ಮೂರನೆಯ ಮಹಡಿಯ ತುದಿಯಲ್ಲಿ ಒಂದು ಕೋಣೆಯಿದೆ. ಲಿಫ್ಟು ಕೆಟ್ಟ ದಿನ ಅಲ್ಲಿಗೆ ನರಪಿಳ್ಳೆಯೂ ಹತ್ತಿ ಬರುವುದಿಲ್ಲ. ಲಿಫ್ಟು ಸರಿಯಿದ್ದ ದಿನವೂ ಬರುವವರು ಅಷ್ಟರಲ್ಲೇ ಇದ್ದಾರೆ. ಒಂದು ಮೇಜು, ಒಂದು ಪುಟ್ಟ ಪರದೆ, ಮುರಿದ ಕಡೆ ಟೇಪು ಸುತ್ತಿದ ಹೆಡ್‌ಫೋನು, ಇಷ್ಟನ್ನಿಟ್ಟುಕೊಂಡು ಪಟ್ಟಿ ಮೇಡಂ ಹದಿನಾಲ್ಕು ವರ್ಷಗಳಿಂದ ಅಲ್ಲಿ ಕೂತಿದ್ದಾಳೆ. ಅವಳಿಗೂ ಅಪ್ಪ ಅಮ್ಮ ಇಟ್ಟ ಹೆಸರೊಂದಿದೆ, ಆದರೆ ಅದು ಹಾಜರಿ ಪುಸ್ತಕದಿಂದ ಆಚೆ ಬಂದದ್ದಿಲ್ಲ. ಬಾಗಿಲು ಕಾಯುವವನಿಂದ ಹಿಡಿದು ಮುಖ್ಯಸ್ಥರವರೆಗೆ ಎಲ್ಲರ ಬಾಯಲ್ಲೂ ಅವಳು ಪಟ್ಟಿ ಮೇಡಂ.

ಪ್ರತಿ ತಿಂಗಳು ಕೇಂದ್ರದಿಂದ ಒಂದು ಮಡಿಕೆ ಹಾಳೆ ಹೊರಡುತ್ತದೆ. 'ಈ ತಿಂಗಳು ತಪ್ಪದೆ ನೋಡಿ' ಎಂದು ಅದರ ತಲೆಬರಹ. ಕೆಳಗೆ ಹತ್ತು ಕಾರ್ಯಕ್ರಮಗಳ ಪಟ್ಟಿ, ಒಂದೊಂದಕ್ಕೆ ಅವಳು ಬರೆದ ನಾಲ್ಕು ಸಾಲು. ಗ್ರಂಥಾಲಯಗಳಲ್ಲಿ, ಆಸ್ಪತ್ರೆಯ ಬೆಂಚುಗಳ ಮೇಲೆ, ಕ್ಷೌರದಂಗಡಿಗಳಲ್ಲಿ ಅದು ಸಿಗುತ್ತದೆ. ಕೇಳಿದವರ ಮನೆಗೆ ಅಂಚೆಯಲ್ಲೂ ಹೋಗುತ್ತದೆ. ಜನ ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೊಳ್ಳುತ್ತಾರೆ, ಏಕೆಂದರೆ ಪಟ್ಟಿ ಮೇಡಂ ಸುಳ್ಳು ಹೇಳುವುದಿಲ್ಲ. ಅವಳು 'ಚೆನ್ನಾಗಿದೆ' ಎಂದು ಬರೆದರೆ ಚೆನ್ನಾಗಿದೆ ಎಂದೇ ಅರ್ಥ. ತೀರಾ ಸುಮಾರಾಗಿದ್ದು, ಮೇಲಿನವರ ಒತ್ತಾಯಕ್ಕೆ ಸೇರಿಸಲೇಬೇಕಾಗಿ ಬಂದರೆ 'ಮನೆಮಂದಿಯೆಲ್ಲ ಕೂತು ನೋಡಬಹುದು' ಎಂದು ಬರೆದು ಜಾರಿಕೊಳ್ಳುತ್ತಾಳೆ. ಹಳೆಯ ಓದುಗರಿಗೆ ಅದರ ಅರ್ಥವೂ ಗೊತ್ತು.

ಈ ಕೆಲಸದಲ್ಲಿ ಒಂದು ಪೇಚಿದೆ. ಹಾಳೆ ಹಿಂದಿನ ತಿಂಗಳ ಹದಿನೈದಕ್ಕೇ ಅಚ್ಚಿಗೆ ಹೋಗಬೇಕು, ಆದರೆ ಆ ಹೊತ್ತಿಗೆ ಅರ್ಧಕ್ಕರ್ಧ ಚಿತ್ರಗಳು ಮುಗಿದಿರುವುದಿಲ್ಲ. ಅವಳು ನೋಡುವುದು ಅರೆಬೆಂದವನ್ನು. ಸಂಗೀತ ಇರುವುದಿಲ್ಲ, ಪರದೆಯ ಅಡಿಯಲ್ಲಿ ಅಂಕಿಗಳು ಓಡುತ್ತಿರುತ್ತವೆ, ನಡುನಡುವೆ ಕಪ್ಪು ಪರದೆಯ ಮೇಲೆ 'ಇಲ್ಲಿ ಸೇತುವೆ ಬರುತ್ತದೆ' ಎಂಬ ಅಕ್ಷರಗಳು. ಅವಳಿಗಿಂತ ಮೊದಲು ಆ ಕುರ್ಚಿಯಲ್ಲಿದ್ದ ಹಿರಿಯರು ಕೆಲಸ ಒಪ್ಪಿಸುವಾಗ ಹೇಳಿದ್ದು ಒಂದೇ ಮಾತು: "ಅಡುಗೆಮನೆಗೆ ಇಣುಕಿ, ಊಟ ಹೇಗಿತ್ತು ಅಂತ ಬರೆಯೋ ಕೆಲಸ ನಮ್ಮದು. ಏನು ಬೇಕಾದ್ರೂ ಬರಿ, ಕೊನೇ ಐದು ನಿಮಿಷದ ಬಗ್ಗೆ ಮಾತ್ರ ಬರೀಬೇಡಮ್ಮ. ಕತ್ತರಿ ಮೊದಲು ಬೀಳೋದೇ ಅಲ್ಲಿಗೆ."

ಹದಿನಾಲ್ಕು ವರ್ಷ ಅವಳು ಆ ಗೆರೆ ದಾಟಿರಲಿಲ್ಲ. ದಾಟಿದ್ದು ಅಪ್ಪನ ಸಲುವಾಗಿ.

ಅಪ್ಪ ನಗರದ ನೀರು ಸರಬರಾಜಿನ ಪಂಪ್‌ಹೌಸಿನಲ್ಲಿ ಮೂವತ್ತಾರು ವರ್ಷ ದುಡಿದು ನಿವೃತ್ತರಾದವರು. ಊರಿಗೆ ನೀರು ಹೇಗೆ ಬರುತ್ತದೆ ಎಂಬುದರ ಮೇಲೆ ಕೇಂದ್ರದವರು 'ನಲ್ಲಿಯ ಹಿಂದೆ' ಎಂಬ ಚಿತ್ರ ತೆಗೆಯುತ್ತಿದ್ದರು. ಹಳೆಯ ಕೆಲಸಗಾರರನ್ನು ಹುಡುಕುತ್ತ ಅಪ್ಪನ ಬಳಿಗೂ ಹೋದರು. ತಾವು ಯಾರ ತಂದೆ ಎಂದು ಅಪ್ಪ ಅಲ್ಲಿ ಬಾಯಿಬಿಡಲಿಲ್ಲ, ಪಟ್ಟಿ ಮೇಡಂ ಕೂಡ ಕೇಂದ್ರದಲ್ಲಿ ಹೇಳಲಿಲ್ಲ. ಶಿಫಾರಸಿನ ಮಾತು ಬರಬಾರದು ಎಂಬ ಬಿಗುಮಾನ ಇಬ್ಬರಿಗೂ. ಚಿತ್ರೀಕರಣ ಮುಗಿಸಿ ಮನೆಗೆ ಬಂದ ಅಪ್ಪ ಚಪ್ಪಲಿ ಬಿಡುತ್ತ, "ಏನೋ ಎರಡು ಮಾತು ಕೇಳಿದ್ರು, ಹೇಳ್ದೆ" ಎಂದದ್ದು ಬಿಟ್ಟರೆ ಮತ್ತೆ ಆ ಸುದ್ದಿ ಎತ್ತಲಿಲ್ಲ.

ಆ ಎರಡು ಮಾತು ಯಾವುದೆಂದು ಅವಳಿಗೆ ಗೊತ್ತಾದದ್ದು ತನ್ನ ಕೋಣೆಯ ಪುಟ್ಟ ಪರದೆಯ ಮೇಲೆ. ಚಿತ್ರ ಮುಗಿಯುವ ಹೊತ್ತಿಗೆ ಅಪ್ಪ ಪಂಪ್‌ಹೌಸಿನ ಮೆಟ್ಟಿಲ ಮೇಲೆ ಕೂತು, ಕ್ಯಾಮೆರಾ ನೋಡದೆ, ಮಂಡಿ ಉಜ್ಜಿಕೊಳ್ಳುತ್ತ ಮಾತಾಡಿದರು.

"ಆವತ್ತು ಮಧ್ಯಾಹ್ನ ಆಸ್ಪತ್ರೆಯಿಂದ ಮೂರು ಸಲ ಫೋನ್ ಬಂತು. ನನ್ನ ಹೆಂಡತಿಗೆ ಜಾಸ್ತಿಯಾಗಿದೆ, ಬನ್ನಿ ಅಂತ. ಇಲ್ಲಿ ನಾನೊಬ್ಬನೇ, ಪಂಪ್ ಬಿಟ್ಟು ಬರೋ ಹಾಗಿಲ್ಲ ಅಂದೆ. ಎಲ್ಲರೂ ನಂಬಿದ್ರು. ಆದ್ರೆ ನಾಲ್ಕು ಗಂಟೆಗೇ ನನ್ನ ಬದಲಿಯವನು ಬಂದಿದ್ದ. ಹೊರಟಿದ್ರೆ ಕಾಲು ಗಂಟೆ ದಾರಿ. ನಾನು ಹೊರಡಲಿಲ್ಲ. ಸುಮ್ಮನೆ ಪಂಪಿನ ಗೇಜ್ ಮುಳ್ಳು ನೋಡ್ತಾ ಕೂತೆ. ಅವಳು ಹೋದದ್ದು ಆರೂವರೆಗೆ. ಅವಳ ಮುಖ ನೋಡೋ ಧೈರ್ಯ ನನಗಿರಲಿಲ್ಲ, ಪಂಪ್ ಒಂದು ನೆಪ ಆಯ್ತು. ಇದನ್ನ ಕೇಳಬೇಕಾದವರು ಒಬ್ರಿದ್ದಾರೆ. ಅವರೆದುರಿಗೆ ಬಾಯಿ ಬರೋದಿಲ್ಲ. ಅದಕ್ಕೇ ನಿಮ್ಮ ಹತ್ರ ಹೇಳ್ದೆ."

ಎರಡು ನಿಮಿಷ, ಅಷ್ಟೇ. ಪಟ್ಟಿ ಮೇಡಂ ಹೆಡ್‌ಫೋನು ತೆಗೆದಿಟ್ಟು, ಬಾಗಿಲು ಹಾಕಿಕೊಂಡು, ಸೆರಗು ಬಾಯಿಗೆ ಒತ್ತಿ ಅತ್ತಳು. ಅಮ್ಮ ಹೋದಾಗ ಅವಳಿಗೆ ಒಂಬತ್ತು. ಈ ಮೂವತ್ತೊಂದು ವರ್ಷದಲ್ಲಿ ಅಪ್ಪ ಆ ದಿನದ ಬಗ್ಗೆ ತುಟಿ ಎರಡು ಮಾಡಿದವರಲ್ಲ.

ಕೇಳಬೇಕಾದವರು ಯಾರೆಂದು ಅವಳಿಗೆ ಯಾರೂ ಹೇಳಬೇಕಿರಲಿಲ್ಲ. ಅಮ್ಮನ ಅಕ್ಕ, ಅವಳ ದೊಡ್ಡಮ್ಮ. ಆಸ್ಪತ್ರೆಯಲ್ಲಿ ಹಾಸಿಗೆಯ ಪಕ್ಕದಿಂದ ಎದ್ದೆದ್ದು ಹೋಗಿ, ವಾರ್ಡಿನ ಬಾಗಿಲಲ್ಲಿದ್ದ ಫೋನಿನಿಂದ ಆ ಮೂರು ಕರೆ ಮಾಡಿದವರು ದೊಡ್ಡಮ್ಮನೇ. ತಂಗಿಯ ಕಣ್ಣು ಮುಚ್ಚಿಸಿ ಹೊರಗೆ ಬಂದು, "ಅವರಿಗೆ ಹೆಂಡತಿಗಿಂತ ಊರ ನೀರು ಹೆಚ್ಚಾಯ್ತು" ಎಂದರು. ಅದೇ ಕೊನೆ, ಅಪ್ಪನೊಂದಿಗೆ ಮಾತು ಬಿಟ್ಟರು. ಹಾಗಂತ ಮನೆಗೆ ಬರುವುದನ್ನು ಬಿಟ್ಟರೇ? ಅದೂ ಇಲ್ಲ. ತಾಯಿಯಿಲ್ಲದ ಮಗುವಿಗೆ ತಲೆ ಬಾಚಲು, ಜ್ವರ ಬಂದರೆ ಪಕ್ಕದಲ್ಲಿ ಕೂರಲು, ಎರಡು ಬೀದಿ ದಾಟಿ ಓಡೋಡಿ ಬಂದರು. ಈಗಲೂ ಪ್ರತಿ ಭಾನುವಾರ ಊಟಕ್ಕೆ ಬರುತ್ತಾರೆ. ಒಂದೇ ಮೇಜಿನಲ್ಲಿ, ಅಪ್ಪನಿಂದ ಮೂರು ಅಡಿ ದೂರ ಕೂತು, "ಪುಟ್ಟೀ, ನಿಮ್ಮಪ್ಪನಿಗೆ ಹೇಳು, ಉಪ್ಪು ಕಡಿಮೆ ಹಾಕ್ಕೊಳ್ಳಲಿ, ಬೀಪಿ ಇದೆ" ಎನ್ನುತ್ತಾರೆ. ಅಪ್ಪ ಕಿವುಡರಲ್ಲ. ಆದರೂ ಮನೆಯಲ್ಲಿ ಪುಟ್ಟಿಯಾಗುವ ಪಟ್ಟಿ ಮೇಡಂ ತಿರುಗಿ, "ಅಪ್ಪ, ಉಪ್ಪು ಕಡಿಮೆ ಹಾಕ್ಕೋಬೇಕಂತೆ" ಎನ್ನಬೇಕು. ಆಗ ಅಪ್ಪ, "ಆಯ್ತು ಅಂತ ಹೇಳಮ್ಮ ಅತ್ತಿಗೆಗೆ" ಎನ್ನುತ್ತಾರೆ. ನಲವತ್ತು ವರ್ಷದ ಹೆಂಗಸು, ಊರಿಗೆಲ್ಲ ಏನು ನೋಡಬೇಕೆಂದು ಹೇಳುವವಳು, ಭಾನುವಾರ ಬಂತೆಂದರೆ ಅಂಚೆಯವಳಾಗುತ್ತಿದ್ದಳು. ಮದುವೆಯ ಗೋಜಿಗೆ ಯಾಕೆ ಹೋಗಲಿಲ್ಲ ಎಂದು ಯಾರಾದರೂ ಕೇಳಿದರೆ, ಇಬ್ಬರ ಮಧ್ಯೆ ಮಾತು ಸಾಗಿಸುವುದೇ ಸಾಕಾಗಿದೆ, ಇನ್ನೆರಡು ಜನ ಬೇರೆ ಯಾಕೆ ಎಂದು ನಗುತ್ತಿದ್ದಳು.

ಅಂದು ಅವಳು ಪಟ್ಟಿಯ ಒಂಬತ್ತನೆಯದಾಗಿ 'ನಲ್ಲಿಯ ಹಿಂದೆ' ಚಿತ್ರವನ್ನು ಸೇರಿಸಿ, ನಾಲ್ಕನೆಯ ಸಾಲಿನಲ್ಲಿ ಹೀಗೆ ಬರೆದಳು: 'ಪಂಪ್‌ಹೌಸಿನ ಹಿರಿಯರೊಬ್ಬರು ಆಡುವ ಕೊನೆಯ ಎರಡು ನಿಮಿಷದ ಮಾತಿಗಾಗಿಯಾದರೂ ತಪ್ಪದೆ ನೋಡಿ.' ಬರೆದ ಮೇಲೆ ಒಂದು ಗಳಿಗೆ ಹಳಬರ ಎಚ್ಚರಿಕೆ ನೆನಪಾಯಿತು. ನೆನಪಾದದ್ದನ್ನು ಪಕ್ಕಕ್ಕೆ ತಳ್ಳಿ ಹಾಳೆಯನ್ನು ಅಚ್ಚಿಗೆ ಕಳಿಸಿಯೇಬಿಟ್ಟಳು.

ಮನೆಗೆ ಹೋಗಿ ಹೇಳಿದಾಗ ಅಪ್ಪನ ಕೈಯಲ್ಲಿದ್ದ ಲೋಟ ಹಾಗೇ ನಿಂತಿತು.

"ಅದು ಇದೆಯಾ? ಪೂರ್ತಿ ಇದೆಯಾ?"

"ಪೂರ್ತಿ ಇದೆ ಅಪ್ಪ. ನಾನೇ ನೋಡಿದೆ."

 ಅಚ್ಚಾದ ಹಾಳೆ ಕೈಗೆ ಬಂದ ದಿನ ಅಪ್ಪ ಇಸ್ತ್ರಿ ಶರ್ಟು ಹಾಕಿಕೊಂಡು, ತಾವೇ ಎರಡು ಬೀದಿ ನಡೆದು ಹೋಗಿ, ದೊಡ್ಡಮ್ಮನ ಬಾಗಿಲ ಸಂದಿಯಲ್ಲಿ ಅದನ್ನು ಸಿಕ್ಕಿಸಿ ಬಂದರು. ಒಂಬತ್ತನೆಯದರ ಪಕ್ಕ ಪೆನ್ನಿನಲ್ಲಿ ಗೆರೆ ಎಳೆದಿದ್ದರು. ವಾಪಸು ಬರುವ ದಾರಿಯಲ್ಲಿ ಅದೇನು ಹುಮ್ಮಸ್ಸು ಬಂತೋ, ಕೆಳಗಿನ ಮನೆಯ ಟೈಲರಿಗೆ ಹೇಳಿದರು, ಟೈಲರು ಬೀದಿಗೆಲ್ಲ ಡಂಗುರ ಸಾರಿದ. ಆ ಭಾನುವಾರ ದೊಡ್ಡಮ್ಮ ಊಟಕ್ಕೆ ಬಂದು, ಹಾಳೆಯ ಸುದ್ದಿಯೇ ಎತ್ತದೆ ಉಂಡು, ಹೊರಡುವಾಗ ಬಾಗಿಲಲ್ಲಿ ನಿಂತು, "ಪುಟ್ಟೀ, ಆ ನೀರಿನ ಕಾರ್ಯಕ್ರಮ ನಮ್ಮನೆ ಟೀವೀಲಿ ಸರಿಯಾಗಿ ಕಾಣಲ್ಲ. ಇಲ್ಲಿಗೇ ಬರ್ತೀನಿ ಅಂತ ಹೇಳು" ಎಂದರು. ಅವರ ಟೀವಿ ಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಅಪ್ಪ ಅಂದು ರಾತ್ರಿಯ ಊಟವನ್ನು ಎರಡೆರಡು ಸಲ ಬಡಿಸಿಕೊಂಡರು.

ಕಾರ್ಯಕ್ರಮ ಮುಂದಿನ ತಿಂಗಳ ಎರಡನೆಯ ಭಾನುವಾರ, ಸಂಜೆ ಆರಕ್ಕೆ. ಅದಕ್ಕೆ ಮೂರು ದಿನ ಮುಂಚೆ, ಗುರುವಾರ, ಮುಗಿದ ಚಿತ್ರ ಅವಳ ಪರದೆಗೆ ಬಂತು. ಮುಗಿದದ್ದನ್ನು ಮತ್ತೆ ನೋಡಬೇಕೆಂಬ ನಿಯಮವೇನಿಲ್ಲ. ಅಪ್ಪನ ಮುಖ ಸಂಗೀತದ ಜೊತೆ ಹೇಗೆ ಕಾಣುತ್ತದೋ ಎಂಬ ಆಸೆಗೆ ನೋಡಿದಳು. ಕೆರೆ ಬಂತು, ಕೊಳವೆ ಬಂತು, ನಗರದ ಬೆಳಕು ಬಂತು, ಹೆಸರುಗಳು ಉರುಳಿದವು. ಮೆಟ್ಟಿಲ ಮೇಲೆ ಕೂತು ಮಾತಾಡುವ ಅಪ್ಪ ಬರಲೇ ಇಲ್ಲ. 

ಚಿತ್ರಗಳನ್ನು ಕತ್ತರಿಸಿ ಜೋಡಿಸುವವನ ಕೋಣೆ ಎರಡನೆಯ ಮಹಡಿಯಲ್ಲಿತ್ತು. ಎಲ್ಲರೂ ಅವನನ್ನು ಕತ್ತರಿಯಣ್ಣ ಎನ್ನುತ್ತಿದ್ದರು. ಒಳ್ಳೆಯವನು, ಆದರೆ ತನ್ನ ಕೈಯಿಂದ ಒಂದು ಸೆಕೆಂಡು ಉಳಿದರೂ ಹಬ್ಬ ಮಾಡುವವನು.

"ಆ ಪಂಪಿನ ತಾತಂದಾ ಮೇಡಂ? ತೆಗೀಬೇಕಾಯ್ತು. ಐವತ್ತೆರಡು ನಿಮಿಷಕ್ಕೆ ಕೂರಿಸಬೇಕಲ್ಲ. ಅದೂ ಅಲ್ಲದೆ..." ಎಂದು ಅವನು ತಲೆ ಕೆರೆದುಕೊಂಡ. "ಅಲ್ಲೀವರೆಗೂ ಊರಿನ ಕತೆ. ಅವರು ಬಾಯಿ ತೆಗೆದ ತಕ್ಷಣ ಒಬ್ಬ ಮನುಷ್ಯನ ಕತೆ ಆಗಿಹೋಗುತ್ತೆ. ಅದಾದಮೇಲೆ ನೀರು ಯಾರಿಗೆ ಬೇಕು?"

"ಪಟ್ಟೀಲಿ ಅಚ್ಚಾಗಿದೆ ಕಣಣ್ಣ, ಕೊನೆ ಎರಡು ನಿಮಿಷ ತಪ್ಪದೆ ನೋಡಿ ಅಂತ."

"ನೀವು ಕೊನೇದರ ಬಗ್ಗೆ ಬರೆಯಲ್ವಲ್ಲ ಮೇಡಂ ಯಾವತ್ತೂ?"

 "ಅವರು ನಮ್ಮಪ್ಪ" ಎಂದಳು ಅವಳು.

ಕತ್ತರಿಯಣ್ಣ ತಟ್ಟನೆ ಎದ್ದು ನಿಂತ. ಪಾಪ, ಏನು ಮಾಡಬೇಕೆಂದು ತಿಳಿಯದೆ ತನ್ನ ಕುರ್ಚಿಯನ್ನೇ ಅವಳತ್ತ ತಳ್ಳಿದ. ಚಿತ್ರ ಮೇಲಿನವರ ಒಪ್ಪಿಗೆಯಾಗಿ ಪ್ರಸಾರದ ವಿಭಾಗಕ್ಕೆ ಹೋಗಿಯಾಗಿತ್ತು. ಇನ್ನು ಅದನ್ನು ಮುಟ್ಟುವ ಹಾಗಿರಲಿಲ್ಲ. ಬಿಟ್ಟ ತುಣುಕನ್ನು ಮನೆಗಾದರೂ ಒಯ್ಯೋಣವೆಂದರೆ ಅದಕ್ಕೆ ಮುಖ್ಯಸ್ಥರ ಸಹಿ ಬೇಕು, ಅವರು ರಜೆ ಮುಗಿಸಿ ಬರುವುದು ಸೋಮವಾರ. ಇಬ್ಬರೂ ಕೂತು ಚಿತ್ರವನ್ನು ಇನ್ನೊಮ್ಮೆ ನೋಡಿದರು. ಅವಳಿಗೆ ಎಲ್ಲಕ್ಕಿಂತ ಸಂಕಟವಾದದ್ದು ಬೇರೆಯೇ: ಕತ್ತರಿಯಣ್ಣ ಮಾಡಿದ್ದು ಸರಿಯಾಗಿತ್ತು. ಅಪ್ಪನ ಮಾತಿಲ್ಲದೆ ಚಿತ್ರ ಇನ್ನೂ ಚೆನ್ನಾಗಿತ್ತು. ಹದಿನಾಲ್ಕು ವರ್ಷ ಪರದೆ ನೋಡಿ ಹಣ್ಣಾದ ಕಣ್ಣು ಅವಳೊಳಗಿನ ಮಗಳ ಮಾತು ಕೇಳಲು ಒಪ್ಪಲಿಲ್ಲ.

ಅಂದು ಸಂಜೆಯೇ ಅಪ್ಪನಿಗೆ ಹೇಳಬೇಕೆಂದು ಹೊರಟಳು. ಮನೆಯಲ್ಲಿ ಅಪ್ಪ ಮೇಲಿನ ಮನೆಯ ನಿವೃತ್ತ ಟೀಚರಿಂದ ಎರಡು ಕುರ್ಚಿ ಎರವಲು ತಂದು, ಟೀವಿಯ ಮುಂದಿಟ್ಟು, ಯಾವ ಕುರ್ಚಿಯಿಂದ ಹೇಗೆ ಕಾಣುತ್ತದೆ ಎಂದು ಒಂದೊಂದರಲ್ಲೂ ಕೂತು ಪರೀಕ್ಷೆ ಮಾಡುತ್ತಿದ್ದರು. ಅವಳು ಕೈಚೀಲ ಇಟ್ಟು ಕುರ್ಚಿ ಸರಿಸಲು ಕೈಜೋಡಿಸಿದಳು. ಶುಕ್ರವಾರ ಹೇಳೋಣವೆಂದುಕೊಂಡಳು, ಶುಕ್ರವಾರ ಅಪ್ಪ ಕ್ಷೌರ ಮಾಡಿಸಿಕೊಂಡು ಬಂದರು. ಶನಿವಾರ ಅಪ್ಪನೇ ಅವಳ ಹತ್ತಿರ ಬಂದು, "ನಾಳೆ ಅತ್ತಿಗೆ ಎದ್ದು ಹೋದ್ರೂ ಹೋಗಬಹುದು. ಹೋದ್ರೆ ತಡೀಬೇಡ. ಕೇಳಿಸ್ಕೊಂಡು ಹೋದ್ರೆ ಸಾಕು ನನಗೆ" ಎಂದರು. ಆ ಮುಖ ನೋಡಿಕೊಂಡು ಯಾವ ಮಗಳಾದರೂ ಏನು ಹೇಳಿಯಾಳು? ಹೇಡಿತನ ಅಪ್ಪನಿಂದಲೇ ಬಂದಿರಬೇಕು ಎಂದು ತನ್ನನ್ನೇ ಬೈದುಕೊಂಡು ಮಲಗಿದಳು.

ಭಾನುವಾರ ಐದೂಮುಕ್ಕಾಲಿಗೇ ಟೈಲರು, ಟೈಲರಿನ ಹೆಂಡತಿ, ಕುರ್ಚಿ ಕೊಟ್ಟ ಟೀಚರು ಬಂದು ಕೂತರು. ದೊಡ್ಡಮ್ಮ ಸೋಫಾದ ಒಂದು ತುದಿಗೆ, ಅಪ್ಪ ಇನ್ನೊಂದು ತುದಿಗೆ. ಎಂದಿನಂತೆ ನಡುವೆ ಪಟ್ಟಿ ಮೇಡಂ.

ಚಿತ್ರದ ನಡುವೆ ಎಲ್ಲೋ ಎಂಟು ಸೆಕೆಂಡು, ಒಬ್ಬ ಮನುಷ್ಯ ಬೆನ್ನು ತೋರಿಸಿಕೊಂಡು ದೊಡ್ಡ ವಾಲ್ವಿನ ಚಕ್ರ ತಿರುಗಿಸಿದ.

"ನೀವೇ! ನೀವೇ ಅದು!" ಎಂದು ಟೈಲರು ಹಾರಿಬಿದ್ದ. "ಆ ಶರ್ಟು ನಾನು ಹೊಲಿದದ್ದು. ಹೆಗಲು ನೋಡಿ, ಎಲ್ಲಾದ್ರೂ ಸುಕ್ಕಿದೆಯಾ?"

ಎಲ್ಲರೂ ನಕ್ಕರು, ಅಪ್ಪನೂ ನಕ್ಕರು. ಅಪ್ಪ ಕಾಯುತ್ತಿದ್ದುದು ಕೊನೆಗೆ. ಕೊನೆ ಹತ್ತಿರವಾದಂತೆ ಅವರ ಕೈ ಮಂಡಿ ಉಜ್ಜತೊಡಗಿತು. ನಗರದ ಬೆಳಕು ಬಂತು. ಹೆಸರುಗಳು ಉರುಳಿದವು. ಆಮೇಲೆ ನಾಳೆಯ ಹವಾಮಾನ ಬಂತು.

ಟೀಚರು ಮೊದಲು ಕೆಮ್ಮಿದರು. "ಚೆನ್ನಾಗಿತ್ತು" ಎಂದರು. ಟೈಲರು, "ತುಂಬಾ ಚೆನ್ನಾಗಿತ್ತು, ಶರ್ಟಂತೂ..." ಎನ್ನುವಷ್ಟರಲ್ಲಿ ಅವನ ಹೆಂಡತಿ ಮೊಣಕೈಯಲ್ಲಿ ತಿವಿದಳು. ಮೂವರೂ ಬಿಸ್ಕತ್ತಿನ ತಟ್ಟೆ ಮುಟ್ಟದೆ, ಇಲ್ಲದ ಕೆಲಸ ನೆನಪಿಸಿಕೊಂಡು ಹೊರಟುಹೋದರು.

ಅಪ್ಪ ಟೀವಿಯನ್ನೇ ನೋಡುತ್ತಿದ್ದರು. ಪಟ್ಟಿ ಮೇಡಂ ಅದನ್ನು ಆರಿಸಿ ಬಂದು ತನ್ನ ಜಾಗದಲ್ಲಿ ಕೂತಳು.

"ತೆಗೆದುಬಿಟ್ಟಿದ್ದಾರೆ ಅಪ್ಪ. ಗುರುವಾರವೇ ಗೊತ್ತಿತ್ತು ನನಗೆ. ಹೇಳೋಕೆ ಆಗಲಿಲ್ಲ. ತಪ್ಪು ನಂದೇ, ಮುಗೀದೇ ಇರೋದನ್ನ ನಂಬಿ ಬರೆದೆ."

ಅಪ್ಪ ತಲೆಯಾಡಿಸಿದರು. "ಇರಲಿ ಬಿಡು. ಅಂಥದ್ದೇನು ಹೇಳಿದ್ದೆ ನಾನು" ಎಂದರು.  ಬೈದಿದ್ದರೆ ಎಷ್ಟೋ ವಾಸಿಯಿತ್ತು.

ದೊಡ್ಡಮ್ಮ ಚೀಲ ಎತ್ತಿಕೊಳ್ಳಲಿಲ್ಲ. ಗೋಡೆ ನೋಡುತ್ತ ಕೇಳಿದರು: "ಪುಟ್ಟೀ, ಪೆನ್ನಲ್ಲಿ ಗೆರೆ ಹಾಕಿ ನಮ್ಮನೆ ಬಾಗಿಲಿಗೆ ಸಿಕ್ಕಿಸಿದ್ದರಲ್ಲ ನಿಮ್ಮಪ್ಪ, ಅದೇನು ಹೇಳಿದ್ದರಂತೆ? ನೀನು ನೋಡಿದೀಯಲ್ಲ, ನೀನೇ ಹೇಳು."

ಅವಳು ಅಪ್ಪನನ್ನು ನೋಡಿದಳು. ಅಪ್ಪ ನೆಲ ನೋಡಿದರು. ಹೇಳಬೇಡ ಎನ್ನಲಿಲ್ಲ.

ಯಾವ ಕಾರ್ಯಕ್ರಮವನ್ನಾದರೂ ನಾಲ್ಕು ಸಾಲಿನಲ್ಲಿ ಹೇಳುವವಳಿಗೆ ಮೊದಲ ಸಾಲೇ ಸಿಗಲಿಲ್ಲ. ಕೊನೆಗೆ ಬಾಯಿ ತೆರೆದಳು. "ಅಮ್ಮ ಹೋದ ದಿನದ್ದು, ದೊಡ್ಡಮ್ಮ. ನೀವು ಮೂರು ಸಲ ಫೋನ್ ಮಾಡಿದ್ರಿ. ಅಪ್ಪ ಒಬ್ಬರೇ ಇದ್ರು. ಬದಲಿಯವನು ತುಂಬಾ ತಡವಾಗಿ ಬಂದ. ಅಷ್ಟು ಹೊತ್ತಿಗೆ..." ಹದಿನಾಲ್ಕು ವರ್ಷದಲ್ಲಿ ಒಂದು ಸುಮಾರು ಚಿತ್ರಕ್ಕೂ ಹೇಳದ ಸುಳ್ಳನ್ನು ಅವಳು ಅಪ್ಪನಿಗಾಗಿ ಹೇಳುತ್ತಿದ್ದಳು.

"ತಡ ಆಗಿರಲಿಲ್ಲ" ಎಂದರು ಅಪ್ಪ.

ಅವಳು ನಿಲ್ಲಿಸಿದಳು.

"ಅವನು ನಾಲ್ಕಕ್ಕೇ ಬಂದಿದ್ದ. ಸರಿಯಾಗಿ ಹೇಳು ಅಂದ್ರೆ..." ಅಪ್ಪ ಮಗಳ ಕಡೆಗೇ ತಿರುಗಿದ್ದರು, ಅವಳಿಗೇ ಪಾಠ ಒಪ್ಪಿಸುವವರ ಹಾಗೆ. "ನಾಲ್ಕಕ್ಕೆ ಬಂದು, ನೀವು ಹೊರಡಿ ಅಂತಾನೂ ಅಂದ. ನಾನೇ ಹೋಗಲಿಲ್ಲ. ಗೇಜ್ ಮುಂದೆ ಕೂತಿದ್ದೆ. ಪಂಪಿಗೋಸ್ಕರ ಅಲ್ಲ. ಅವಳು ಸಾಯೋದನ್ನ ನೋಡೋಕೆ ಹೆದರಿಕೆ ಆಯ್ತು ನನಗೆ. ಊರೆಲ್ಲ, ಕೆಲಸ ಬಿಡದ ಮನುಷ್ಯ ಅಂದ್ರು. ನಾನೂ ಸುಮ್ಮನಿದ್ದೆ. ಕೆಲಸ ಅಲ್ಲ ಅತ್ತಿಗೆ. ಹೆದರಿಕೆ."

ಕೊನೆಯ ಮಾತು ಹೇಳುವಾಗ ಅವರು ಮಗಳನ್ನು ದಾಟಿ ಆಚೆಗೆ ನೋಡಿದ್ದರು.

ಬೀದಿಯಲ್ಲಿ ಯಾರೋ ಸೈಕಲ್ಲಿನ ಗಂಟೆ ಬಾರಿಸಿಕೊಂಡು ಹೋದರು. ದೊಡ್ಡಮ್ಮ ಎದ್ದರೆ ಇನ್ನು ಈ ಮನೆಗೆ ಬರುವುದಿಲ್ಲ ಎಂದು ಪಟ್ಟಿ ಮೇಡಂಗೆ ಖಾತ್ರಿಯಾಗಿತ್ತು. ತಡೆಯಬೇಡವೆಂದು ಅಪ್ಪ ಹೇಳಿದ್ದರೂ ಅವಳ ಕೈ ತಾನಾಗಿ ದೊಡ್ಡಮ್ಮನ ಸೆರಗಿನ ತುದಿ ಹಿಡಿದಿತ್ತು.

"ಅವಳಿಗೆ ಗೊತ್ತಿತ್ತು" ಎಂದರು ದೊಡ್ಡಮ್ಮ.

ಅವರು ಸೆರಗು ಬಿಡಿಸಿಕೊಳ್ಳಲಿಲ್ಲ.

"ಮೊದಲನೇ ಫೋನ್ ಮಾಡಿ ಬಂದೆನಲ್ಲ, ಆಗಲೇ ನನ್ನ ಕೈ ಹಿಡ್ಕೊಂಡಳು. 'ಅಕ್ಕ, ಅವರನ್ನ ಕರೀಬೇಡ. ನನ್ನ ಹೀಗೆ ನೋಡಿದ್ರೆ ಅವರು ತಡ್ಕೊಳ್ಳಲ್ಲ. ನಾಳೆ ಪುಟ್ಟೀನ ಎತ್ಕೊಳ್ಳೋಕೆ ಅವರು ಗಟ್ಟಿಯಾಗಿರಬೇಕು' ಅಂದಳು. ನಾನು ಕೇಳಲಿಲ್ಲ. ಹಟಕ್ಕೆ ಇನ್ನೆರಡು ಸಲ ಮಾಡಿದೆ." ದೊಡ್ಡಮ್ಮನ ದನಿ ಒಡೆಯಿತು. "ಅವಳು ಹೋದಮೇಲೆ ಈ ಮಾತು ನಿಮಗೆ ಹೇಳಬೇಕಿತ್ತು. ಹೇಳಿದ್ರೆ ನೀವು ಹಗುರಾಗಿಬಿಡ್ತೀರಿ ಅಂತ ಹೇಳಲಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಅಂತ ಪ್ರತಿ ಭಾನುವಾರ ಬರ್ತಿದ್ದೆ. ನಿಮ್ಮನ್ನ ನೋಡ್ತಿದ್ದ ಹಾಗೆ ಮತ್ತೆ ಸಿಟ್ಟು ಬರ್ತಿತ್ತು, ಉಂಡು ಹೋಗ್ತಿದ್ದೆ."

ಅಪ್ಪ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಅವರ ಹೆಗಲು ಅಲುಗುತ್ತಿತ್ತು. ಅಪ್ಪ ಅಳುವುದನ್ನು ಅವಳು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಅವಳಿಗೂ ಅಳು ಬಂತು, ಮುಚ್ಚಿಕೊಳ್ಳಲು ಹೋಗಲಿಲ್ಲ. ಯಾರ ಮಾತನ್ನು ಯಾರಿಗೆ ದಾಟಿಸಬೇಕೆಂದು ಅಭ್ಯಾಸಬಲದಿಂದ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ತಿರುಗಿದಳು. ದಾಟಿಸಲು ಏನೂ ಉಳಿದಿರಲಿಲ್ಲ.

"ಮೂರನೇ ಫೋನಲ್ಲಿ ನೀವು ಬೈದಿದ್ರಿ ಅತ್ತಿಗೆ" ಎಂದರು ಅಪ್ಪ, ಮುಚ್ಚಿದ ಕೈಗಳ ಒಳಗಿನಿಂದ.

"ಬೈದಿದ್ದೆ. ಅವಳಿಗೂ ಕೇಳಿಸ್ತು. 'ಪಾಪ, ಅವರನ್ನ ಯಾಕೆ ಬೈತೀಯ' ಅಂದಳು. ಅದೇ ಅವಳ ಕೊನೇ ಮಾತು. ಆಮೇಲೆ ಮಾತಾಡಲಿಲ್ಲ." ದೊಡ್ಡಮ್ಮ ಮೂಗು ಒರೆಸಿಕೊಂಡು, ಮುಂದಕ್ಕೆ ಬಾಗಿ, ಪಟ್ಟಿ ಮೇಡಂನ ಭುಜವನ್ನು ಮೆಲ್ಲಗೆ ಪಕ್ಕಕ್ಕೆ ತಳ್ಳಿದರು. "ನೀನು ಸ್ವಲ್ಪ ಆ ಕಡೆ ಕೂತ್ಕೋ ಪುಟ್ಟೀ. ನನಗೆ ಅವರ ಮುಖ ಕಾಣ್ತಿಲ್ಲ."

ಅವಳು ಎದ್ದು ಹೋಗಿ ಟೀಚರು ಕೊಟ್ಟ ಕುರ್ಚಿಯಲ್ಲಿ ಕೂತಳು.